ಮೂಗ ಕಂಡ ಕನಸು

‘ಮೂಗ ಕಂಡ ಕನಸು’ ಎಂಬ ನುಡಿಗಟ್ಟನ್ನು ಅನಿರ್ವಚನೀಯವಾದುದಕ್ಕೆಲ್ಲ ನಾವು ಬಳಸುತ್ತೇವೆ. ಮೂಗನಿಗೆ ಕನಸಿದ್ದರೂ ಅದನ್ನು ಹೇಳುವ ಭಾಷೆಯಿಲ್ಲವೆಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯನ್ನು ಪರೀಕ್ಷೆಗೊಡ್ಡುವ ಕೃತಿಯೊಂದನ್ನು ಸಹೃದಯರ ಮುಂದಿಡಬೇಕೆಂದು ನನ್ನ ಆಸೆ. ಐರ್ಲೆಂಡಿನ ಕ್ರಿಸ್ಟಫರ್ ನೋಲನ್ 1987ರಲ್ಲಿ ಪ್ರಕಟಿಸಿದ ‘ಅಂಡರ್ ದಿ ಐ ಆಫ್ ದಿ ಕ್ಲಾಕ್’ ಎಂಬ ಆತ್ಮಕಥನವೇ ಅದು. ಚಲನಚಿತ್ರ ನಿರ್ದೇಶಕನಾದ ನೋಲನ್ ಬೇರೆ, ಇವನು ಬೇರೆ.

1965ರಲ್ಲಿ ಹುಟ್ಟುವಾಗ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದುದರಿಂದ ಇವನಿಗೆ ಕೈಕಾಲುಗಳಂತೆ ನಾಲಗೆಯೂ ಸ್ವಾಧೀನದಲ್ಲಿರಲಿಲ್ಲ. ಕೆಲವು ಮಕ್ಕಳಲ್ಲಿ ಇಂಥ ತೊಂದರೆ ಮುಖ್ಯವಾಗಿ ಬಾಯಿಗೇ ತಟ್ಟುವುದುಂಟು. ಆ ಅಪರೂಪದ ಸ್ಥಿತಿಯನ್ನು ಬ್ರಿಟಿಷ್ ನರವೈದ್ಯ ವೂಸ್ಟರ್-ಡ್ರೌಟ್ 1956ರಲ್ಲಿ ವಿವರಿಸಿದ. ಅವನ ಹೆಸರೇ ಅದಕ್ಕೆ ನಿಂತಿದೆ. ತುಟಿ, ನಾಲಗೆ, ಅಂಗುಳು, ಗಂಟಲುಗಳು ಮಿದುಳಿನ ಹತೋಟಿಗೆ ಸರಿಯಾಗಿ ಸಿಗುವುದಿಲ್ಲ. ಕೂಸಿಗೆ ಹಾಲು ನೆತ್ತಿಗೇರುತ್ತದೆ, ಜೊಲ್ಲು ನಿಲ್ಲುವುದಿಲ್ಲ. ಮಾತು ಬಾರದು, ಬಂದರೂ ಅಸ್ಪಷ್ಟ. ಮಗುವಿನ ತಿಳಿವಳಿಕೆ ಮಾತಿಗಿಂತ ಎಷ್ಟೋ ಮುಂದಿರಬಹುದೆಂದು ಯೋಚಿಸದೆ, ನೋಡಿದವರು ‘ಮಂಕು’ ಎಂದು ತೀರ್ಮಾನಿಸಿಬಿಡುತ್ತಾರೆ.

ಕತ್ತಿನ ಸ್ನಾಯುಗಳನ್ನು ಸಡಿಲಿಸುವ ಔಷಧಿ ನೋಲನ್‌ಗೆ ದೊರೆತದ್ದು 11ನೆಯ ವಯಸ್ಸಿನಲ್ಲಿ. ಅನಂತರ ಹಣೆಗೆ ಕಟ್ಟಿದ ಕಡ್ಡಿಯಿಂದ ಬೆರಳಚ್ಚು ಯಂತ್ರದ ಕೀಲಿಗಳನ್ನು ಒಂದೊಂದಾಗಿ ಒತ್ತತೊಡಗಿದ. ತಾಯಿ ಹಿಂದೆ ನಿಂತು ಅವನ ಗದ್ದ ಹಿಡಿದುಕೊಂಡಿರುತ್ತಿದ್ದಳು. 1981ರಲ್ಲಿ, 15ರ ಹರೆಯದಲ್ಲಿ, ಮೊದಲ ಸಂಕಲನ ಬಂತು. ಹೆಸರು ‘ಡ್ಯಾಮ್-ಬರ್ಸ್ಟ್ ಆಫ್ ಡ್ರೀಮ್ಸ್’, ಎಂದರೆ ಕನಸುಗಳ ಕಟ್ಟೆಯೊಡೆತ. ನಮ್ಮ ನುಡಿಗಟ್ಟಿಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ?

ಭರ್ತೃಹರಿ ವಾಕ್ಕಿಗೆ ಪಶ್ಯಂತಿ, ಮಧ್ಯಮಾ, ವೈಖರಿ ಎಂಬ ಮೂರು ಅವಸ್ಥೆಗಳನ್ನು ಹೇಳಿದ್ದಾನೆ. ಬಾಯಿಂದ ಹೊರಡುವುದು ವೈಖರಿ. ಮನಸ್ಸಿನಲ್ಲಿ ಕ್ರಮಗೊಂಡಿರುವುದು ಮಧ್ಯಮಾ. ವೈಖರಿಯ ಬಾಗಿಲು ಮುಚ್ಚಿದ್ದರೂ ಮಧ್ಯಮೆ ತುಂಬಿ ತುಳುಕಬಲ್ಲುದೆಂಬುದಕ್ಕೆ ಈ ಕೃತಿ ಸಾಕ್ಷಿ. ಇದರ ಗದ್ಯ ಕಿವಿಗಾಗಿ ಹುಟ್ಟಿದ್ದು. ಅನುಪ್ರಾಸ ಹೆಜ್ಜೆ ಹೆಜ್ಜೆಗೂ ಬರುತ್ತದೆ, ನಾಮಪದ ಕ್ರಿಯಾಪದವಾಗುತ್ತದೆ, ಎರಡು ಶಬ್ದಗಳು ಬೆಸೆದು ಹೊಸತೊಂದು ಹುಟ್ಟುತ್ತದೆ. ತಾನು ಉಚ್ಚರಿಸಲಾರದ ಭಾಷೆಯನ್ನು ನೋಲನ್ ಕೇಳಿ ಕೇಳಿಯೇ ಮೈಗೂಡಿಸಿಕೊಂಡ.

ಕೃತಿಗೆ ವಿಟ್‌ಬ್ರೆಡ್ ಪ್ರಶಸ್ತಿ ಬಂತು. ಜಾಯ್ಸ್‌ನೊಡನೆ ಹೋಲಿಕೆಯೂ ನಡೆಯಿತು. ಈ ಹೊಗಳಿಕೆಯಲ್ಲಿ ಕನಿಕರದ ಪಾಲೆಷ್ಟು ಎಂದು ಕೇಳುವುದು ನಿಷ್ಕರುಣೆಯಲ್ಲ. ಎಷ್ಟೋ ಕಡೆ ಅಲಂಕಾರ ಅರ್ಥಕ್ಕೆ ಹೊರೆಯಾಗಿದೆ. ಸರಳವಾಗಿ ಹೇಳಬಹುದಾದುದು ಶಬ್ದಗಳ ಜಾತ್ರೆಯಲ್ಲಿ ಕಳೆದುಹೋಗುತ್ತದೆ. ಇದನ್ನು ಹೇಳಲು ಹಿಂಜರಿಯುವ ವಿಮರ್ಶಕ ನೋಲನ್‌ನನ್ನು ರೋಗಿಯೆಂದು ಎಣಿಸಿದ್ದಾನೆಯೇ ಹೊರತು ಸಾಹಿತಿಯೆಂದಲ್ಲ. ಕೃತಿಯ ನಿಜವಾದ ಗುಣ ಬೇರೆ ಕಡೆಯಿದೆ. ತನ್ನ ಕಥೆಯನ್ನು ‘ನಾನು’ ಎನ್ನದೆ ಜೋಸೆಫ್ ಮೀಹನ್ ಎಂಬ ಹುಡುಗನ ಕಥೆಯಾಗಿ ಹೇಳಿದ್ದಾನೆ. ಆ ದೂರದಿಂದಾಗಿ ಸ್ವಾನುಕಂಪಕ್ಕೆ ಕಡಿವಾಣ ಬಿದ್ದಿದೆ.

ಭಾಷೆ ದೇಹವನ್ನು ಗೆದ್ದಿತೆಂಬ ಹೊಗಳಿಕೆಯನ್ನೂ ನಾನು ಒಪ್ಪಲಾರೆ. 1999ರಲ್ಲಿ ‘ದಿ ಬನಿಯನ್ ಟ್ರೀ’ ಎಂಬ ಕಾದಂಬರಿಯನ್ನೂ ಬರೆದ ಈ ಲೇಖಕ 2009ರಲ್ಲಿ, 43ರ ವಯಸ್ಸಿನಲ್ಲಿ, ಆಹಾರ ಶ್ವಾಸನಾಳಕ್ಕೆ ಸಿಕ್ಕಿ ತೀರಿಕೊಂಡ. ಅಷ್ಟು ಬರೆದ ಮೇಲೂ ಒಂದು ತುತ್ತು ನುಂಗುವುದು ಅವನಿಗೆ ಅಪಾಯವಾಗಿಯೇ ಉಳಿದಿತ್ತು. ಬರಿಯ ಗೆಲುವಿನ ಕಥೆಯಾಗಿ ಓದಿದರೆ ಊಟದ ಹೊತ್ತಿನ ಆ ಭಯ, ಬಟ್ಟಲು ಹಿಡಿದು ಕಾದು ಕುಳಿತವರ ಶ್ರಮ ನಮಗೆ ಕಾಣುವುದೇ ಇಲ್ಲ.

ನಮ್ಮ ತರಗತಿಗಳಲ್ಲಿ ಪದ್ಯವನ್ನು ತಡವರಿಸದೆ ಒಪ್ಪಿಸಿದವನೇ ಇಂದಿಗೂ ಜಾಣ. ತೊದಲುವ ಹುಡುಗನನ್ನು ಕೂರಿಸಿ ಮುಂದಿನವನನ್ನು ಎಬ್ಬಿಸುತ್ತೇವೆ. ಅವನಲ್ಲಿ ಭಾಷೆಯೇ ಇಲ್ಲವೆಂದುಕೊಳ್ಳುತ್ತೇವೆ. ನುಡಿಯನ್ನು ಕಲಿಸುವವರು ನುಡಿಯೂ ನಾಲಗೆಯೂ ಒಂದೇ ಎಂದು ಭಾವಿಸಬಾರದು. ಕನ್ನಡದ ಅಧ್ಯಾಪಕರು ಈ ಪುಸ್ತಕವನ್ನು, ಅದರ ದೋಷಗಳ ಸಹಿತ, ಓದಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.