ಕ್ಲೇರ್ ಸೀಮೆಯ ಕನ್ಸರ್ಟಿನಾ: ಜಿಗ್ ವಾದನದ ಒಂದು ಪರಂಪರೆ

ಐರ್ಲೆಂಡಿನ ಪಶ್ಚಿಮ ತೀರದಲ್ಲಿ, ಅಟ್ಲಾಂಟಿಕ್ ಸಾಗರಕ್ಕೂ ಶ್ಯಾನನ್ ನದಿಯ ಅಳಿವೆಗೂ ನಡುವೆ ಹಬ್ಬಿಕೊಂಡಿರುವ ಕ್ಲೇರ್ ಸೀಮೆಯು ಕಲ್ಲುನೆಲದ, ಬಡ ಒಕ್ಕಲುಗಳ, ಬಹುಕಾಲ ವಲಸೆಯಿಂದ ಬರಿದಾಗುತ್ತಲೇ ಬಂದ ನಾಡಾದರೂ, ಸಂಗೀತದ ವಿಷಯದಲ್ಲಿ ಮಾತ್ರ ಅದರ ಸಂಪತ್ತು ಅಕ್ಷಯವಾದುದು. ಪಿಟೀಲು, ಕೊಳಲು, ತಿದಿಯ ಕೊಳವೆವಾದ್ಯ ಇವೆಲ್ಲ ಐರ್ಲೆಂಡಿನ ಇತರ ಭಾಗಗಳಲ್ಲಿಯೂ ಕ್ಲೇರಿಗೆ ಸಮನಾಗಿ ಬೆಳೆದಿವೆ. ಆದರೆ ಅಂಗೈಗಳ ನಡುವೆ ಅಡಗುವಷ್ಟು ಚಿಕ್ಕದಾದ ಕನ್ಸರ್ಟಿನಾ ಎಂಬ ವಾದ್ಯವು ಇಲ್ಲಿ ಬೇರೂರಿದಂತೆ ಮತ್ತೆಲ್ಲಿಯೂ ಬೇರೂರಲಿಲ್ಲ. ಈ ವಾದ್ಯದಲ್ಲಿ ಕ್ಲೇರಿನವರು ನುಡಿಸಿದ, ಒಬ್ಬರಿಂದೊಬ್ಬರಿಗೆ ಹಂಚಿದ ಜಿಗ್ ಎಂಬ ನೃತ್ಯಮಟ್ಟುಗಳ ಪರಂಪರೆಯನ್ನು ಪರಾಮರ್ಶಿಸಿ, ಅದರಲ್ಲಿ ಸತ್ತ್ವವುಳ್ಳದ್ದು ಯಾವುದು, ಕಾಲಕ್ರಮದಲ್ಲಿ ಅದು ಗಳಿಸಿದುದೇನು, ಕಳೆದುಕೊಳ್ಳುವ ಭಯವಿರುವುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ವಾದ್ಯವು ಕ್ಲೇರಿನಲ್ಲಿ ಹುಟ್ಟಿದುದಲ್ಲ. ತಂತಿ ಸಮಾಚಾರದ ಶೋಧಕರಲ್ಲಿ ಒಬ್ಬನೆಂದು ಪ್ರಸಿದ್ಧನಾದ ಭೌತವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ನನು ಲಂಡನ್ನಿನಲ್ಲಿ ಒಂದು ಬಗೆಯ ಕನ್ಸರ್ಟಿನಾವನ್ನು ರೂಪಿಸಿ 1844ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಅದಕ್ಕೂ ಹತ್ತು ವರ್ಷ ಮುಂಚೆ, 1834ರಲ್ಲಿ, ಜರ್ಮನಿಯ ಕೆಮ್ನಿಟ್ಸ್ ಪಟ್ಟಣದ ಕಾರ್ಲ್ ಫ್ರೀಡ್ರಿಷ್ ಊಲಿಗ್ ಎಂಬವನು ಬೇರೊಂದು ಕ್ರಮದ ವಾದ್ಯವನ್ನು ನಿರ್ಮಿಸಿದ್ದನು. ಜರ್ಮನ್ ಸ್ವರಕ್ರಮವನ್ನೂ ಆರು ಮೂಲೆಯ ಇಂಗ್ಲಿಷ್ ಮಾಟವನ್ನೂ ಕೂಡಿಸಿ ಲಂಡನ್ನಿನ ಲಾಷನಾಲ್, ಜೆಫ್ರೀಸ್ ಮೊದಲಾದ ಕುಶಲಿಗಳು ತಯಾರಿಸಿದ ‘ಆಂಗ್ಲೊ’ ಎಂಬ ಮಿಶ್ರಜಾತಿಯ ವಾದ್ಯವೇ ಕೊನೆಗೆ ಕ್ಲೇರಿನ ಕೈಗೆ ಒಗ್ಗಿದುದು. ನಮ್ಮ ನಾಟಕ ಕಂಪನಿಗಳ ರಂಗದ ಮುಂದೆ, ಭಜನೆಯ ಮನೆಗಳಲ್ಲಿ ಮೆರೆದ ಹಾರ್ಮೋನಿಯಮ್ಮಿನ ಜೀವವೂ ಇದರದೇ. ತಿದಿಯ ಗಾಳಿಗೆ ಮಿಡಿಯುವ ಲೋಹದ ರೀಡು. ಗಮಕಕ್ಕೆ ಎಡೆಗೊಡದ ಪರದೇಶದ ಪೆಟ್ಟಿಗೆಯೆಂದು ಹಾರ್ಮೋನಿಯಮ್ಮನ್ನು ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಹೊರಗಿಟ್ಟಿತಷ್ಟೆ. ಕನ್ಸರ್ಟಿನಾದಲ್ಲಿಯೂ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಅಸಾಧ್ಯ. ಆದರೂ ಕ್ಲೇರಿನ ಹಳ್ಳಿಗರಿಗೆ ಅದು ಕೊರತೆಯಾಗಿ ಕಾಣಲಿಲ್ಲ. ಏಕೆಂದರೆ ಅವರು ಆ ವಾದ್ಯದಿಂದ ಬಯಸಿದುದು ಸ್ವರದ ಎಳೆತವನ್ನಲ್ಲ, ಹೆಜ್ಜೆಯ ಮಿಡಿತವನ್ನು.

ಆ ಮಿಡಿತವು ವಾದ್ಯದ ರಚನೆಯಲ್ಲಿಯೇ ಹೇಗೆ ಅಡಗಿದೆಯೆಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಆಂಗ್ಲೊ ಕನ್ಸರ್ಟಿನಾದ ಒಂದೊಂದು ಗುಂಡಿಯೂ ತಿದಿಯನ್ನು ಒತ್ತಿದಾಗ ಒಂದು ಸ್ವರವನ್ನೂ ಎಳೆದಾಗ ಮತ್ತೊಂದು ಸ್ವರವನ್ನೂ ನುಡಿಯುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ವಾದ್ಯದಲ್ಲಿ ಎರಡು ಪ್ರಧಾನ ಸಾಲುಗಳಿದ್ದು, ಒಂದು ‘ಸಿ’ ಶ್ರುತಿಗೂ ಇನ್ನೊಂದು ಅದರ ಪಂಚಮವಾದ ‘ಜಿ’ ಶ್ರುತಿಗೂ ಹೊಂದಿಕೊಂಡಿರುತ್ತವೆ. ಮೂವತ್ತು ಗುಂಡಿಯ ವಾದ್ಯದಲ್ಲಿ ಇವುಗಳಾಚೆಗೆ ವಿಕೃತಿಸ್ವರಗಳ ಮೂರನೆಯ ಸಾಲೂ ಉಂಟು. ‘ಜಿ’ಯನ್ನು ಷಡ್ಜವೆಂದು ಹಿಡಿದು ಆ ಸಾಲಿನಲ್ಲಿಯೇ ಶಂಕರಾಭರಣದ ಆರೋಹಣವನ್ನು ಹಾಕಿದರೆ, ಷಡ್ಜ ಗಾಂಧಾರ ಪಂಚಮಗಳು ಒತ್ತಿನಲ್ಲಿಯೂ ರಿಷಭ ಮಧ್ಯಮ ಧೈವತಗಳು ಎಳೆತದಲ್ಲಿಯೂ ಸರದಿಯಂತೆ ಬರುವುವು, ನಿಷಾದವು ಮತ್ತೆ ಎಳೆತದಲ್ಲಿ ನುಡಿದು ತಾರಷಡ್ಜವು ಒತ್ತಿನಲ್ಲಿ ಮುಗಿಯುವುದು. ಎಂದರೆ, ‘ಸ ರಿ ಗ’ ಎಂಬ ಮೂರು ಸ್ವರಗಳನ್ನು ನುಡಿಸುವಷ್ಟರಲ್ಲಿ ತಿದಿಯು ಎರಡು ಬಾರಿ ದಿಕ್ಕು ಬದಲಿಸಿರುತ್ತದೆ. ಸ್ವರಗಳನ್ನು ಒಂದಕ್ಕೊಂದು ಹೊಲಿದು ನುಡಿಸುವುದು ಇಲ್ಲಿ ಬಹುಮಟ್ಟಿಗೆ ಆಗದ ಮಾತು. ಬಹುತೇಕ ಪ್ರತಿ ಸ್ವರವೂ ಹೊಸ ಉಸಿರಿನಿಂದ, ತನ್ನದೇ ಒಂದು ಸಣ್ಣ ಪೆಟ್ಟಿನಿಂದ ಹುಟ್ಟುತ್ತದೆ.

ಇನ್ನು ಜಿಗ್ಗಿನ ಸ್ವರೂಪ. ಐರಿಷ್ ನೃತ್ಯಮಟ್ಟುಗಳಲ್ಲಿ ರೀಲ್ ನಾಲ್ಕರ ನಡೆಯದು, ಜಿಗ್ ಮೂರರ ನಡೆಯದು. ಬಹುಪ್ರಚುರವಾದ ‘ಡಬಲ್ ಜಿಗ್’ನ ಒಂದು ಆವರ್ತದಲ್ಲಿ ಎರಡು ಪೆಟ್ಟುಗಳು, ಪೆಟ್ಟಿಗೆ ಮೂರು ಮಾತ್ರೆ, ‘ಸ್ಲಿಪ್ ಜಿಗ್’ನಲ್ಲಿ ಮೂರು ಪೆಟ್ಟು, ಒಂಬತ್ತು ಮಾತ್ರೆ. ನಮ್ಮ ಛಂದಸ್ಸನ್ನು ಬಲ್ಲವರಿಗೆ ಉತ್ಸಾಹ ರಗಳೆಯ ಮೂರು ಮಾತ್ರೆಯ ಗಣಗಳ ಓಟ ಇಲ್ಲಿ ನೆನಪಾಗದಿರದು. ಎಂಟು ಆವರ್ತಗಳ ಒಂದು ಭಾಗ, ಅದಕ್ಕೆ ಉತ್ತರವೆಂಬಂತೆ ಎಂಟು ಆವರ್ತಗಳ ಮತ್ತೊಂದು ಭಾಗ, ಎರಡಕ್ಕೂ ಒಂದೊಂದು ಪುನರಾವೃತ್ತಿ. ಹೀಗೆ ಮೂವತ್ತೆರಡು ಆವರ್ತಗಳಲ್ಲಿ ಸಾಮಾನ್ಯವಾದೊಂದು ಜಿಗ್ ಪೂರ್ಣವಾಗುತ್ತದೆ. ಬರೆಹದಲ್ಲಿ ಮೂರು ಮಾತ್ರೆಗಳೂ ಸಮವೆಂದು ತೋರಿದರೂ, ನುಡಿಸುವಾಗ ಮೊದಲನೆಯದು ತುಸು ನಿಂತು, ಎರಡನೆಯದು ಮೊಟಕಾಗಿ, ಮೂರನೆಯದು ಮುಂದಿನ ಪೆಟ್ಟಿಗೆ ಚಿಮ್ಮುಹಲಗೆಯಾಗುತ್ತದೆ. ಈ ಅಸಮತೆಯ ಪ್ರಮಾಣವು ಊರೂರಿಗೂ ಬೇರೆ. ಅದನ್ನು ಯಾವ ಲಿಪಿಯೂ ಹಿಡಿದಿಡಲಾರದು. ಜಿಗ್ಗಿನ ಪ್ರಾಣವು ಇರುವುದು ಇಲ್ಲಿಯೇ; ತಿದಿಯ ದಿಕ್ಕು ಬದಲಾಗುವಾಗ ಉಂಟಾಗುವ ಸಹಜವಾದ ಕಡಿತವು ಈ ಪ್ರಾಣಕ್ಕೆ ಒದಗಿಬಂದಂತೆ ಮತ್ತಾವ ವಾದ್ಯಗುಣವೂ ಒದಗಿಬಂದಿರಲಾರದು.

ಹಳೆಯ ಪಂಥದ ವಾದಕರು ಇದನ್ನು ಸಿದ್ಧಾಂತವಾಗಿ ಅರಿತಿದ್ದರೆಂದು ಹೇಳಬೇಕಾಗಿಲ್ಲ. ಅವರ ಕೈಗಳು ಅರಿತಿದ್ದುವು. ಒಲೆಯ ಬಳಿಯ ಗೂಡಿನಲ್ಲಿ ತೇವ ತಾಗದಂತೆ ಇರಿಸಲ್ಪಡುತ್ತಿದ್ದ ಈ ವಾದ್ಯವು ಕ್ಲೇರಿನಲ್ಲಿ ವಿಶೇಷವಾಗಿ ಹೆಂಗಸರ ವಾದ್ಯವೆನಿಸಿತ್ತು. ನೆರೆಹೊರೆಯವರು ಸಂಜೆ ಒಂದು ಮನೆಯಲ್ಲಿ ಕೂಡಿದಾಗ, ನಾಲ್ಕು ಜೋಡಿಗಳು ಎದುರುಬದುರಾಗಿ ನಿಂತು ಕುಣಿಯುವ ‘ಸೆಟ್’ ನೃತ್ಯಕ್ಕೆ, ಹಾಸುಗಲ್ಲಿನ ನೆಲದ ಮೇಲಿನ ಹೆಜ್ಜೆಗಳ ಸದ್ದನ್ನು ಮೀರಿ ಕೇಳಿಸುವಂತೆ ನುಡಿಸುವುದು ಅವರ ಕಲೆಯಾಗಿತ್ತು. ಈ ಪಂಥದ ಅತ್ಯಂತ ಪ್ರಸಿದ್ಧ ಪ್ರತಿನಿಧಿ, ಕಿಲ್‌ರಷ್ ಪಟ್ಟಣದಲ್ಲಿ ಪಾನಗೃಹವೊಂದನ್ನು ನಡೆಸುತ್ತಿದ್ದ ಎಲಿಜಬೆತ್ ಕ್ರಾಟಿ (1885–1960). ಕಿಯರನ್ ಮ್ಯಾಕ್‌ಮಹೂನ ಎಂಬ ಸಂಗ್ರಾಹಕರು ಐರಿಷ್ ರೇಡಿಯೋಗಾಗಿ 1950ರ ದಶಕದಲ್ಲಿ ಧ್ವನಿಮುದ್ರಣ ಯಂತ್ರವನ್ನು ಹೇರಿಕೊಂಡು ಕ್ಲೇರಿಗೆ ಬಂದಾಗ ಆಕೆಯ ವಾದನವು ದೇಶಕ್ಕೆಲ್ಲ ಕೇಳಿಸಿತು. ಎಪ್ಪತ್ತರ ಹತ್ತಿರ ಬಂದಿದ್ದ ಗೃಹಿಣಿಯೊಬ್ಬಳು ಮನೆಮನೆಯ ಹೆಸರಾದಳು. ಆಕೆಯ ವಾದನದಲ್ಲಿ ಚಮತ್ಕಾರವೆಂಬುದು ಅತ್ಯಲ್ಪ, ಅಲಂಕಾರಗಳು ಮಿತವಾದುವು, ಆದರೆ ಒಂದು ಪೆಟ್ಟೂ ಅಲುಗದು, ಒಂದು ಸ್ವರವೂ ಅಸ್ಪಷ್ಟವಾಗದು. ಉತ್ತರ ಕ್ಲೇರಿನ ಬೆಲ್ ಹಾರ್ಬರಿನ ಒಕ್ಕಲಿಗ ಕ್ರಿಸ್ ಡ್ರೋನಿಯವರ ವಾದನದಲ್ಲಿ ಇದೇ ನಿಶ್ಚಲತೆಗೆ ಉಲ್ಲಾಸವೂ ಕೂಡಿ, ಕುಳಿತವರನ್ನು ಎಬ್ಬಿಸುವ ಗುಣವುಂಟಾಯಿತು. ಪೂರ್ವ ಕ್ಲೇರಿನ ಟಲ್ಲ, ಫೀಕಲ್ ಕಡೆಯವರ ಬಾನಿ ಮತ್ತೊಂದು: ನಡೆ ನಿಧಾನ, ಭಾವ ಗಂಭೀರ, ವಿಷಾದದ ಛಾಯೆ, ಆ ಪರಿಸರದಲ್ಲಿ ಹಿರಿಯರಿಂದ ಕಲಿತ ಮೇರಿ ಮೆಕ್‌ನಮಾರ ಅವರ ವಾದನದಲ್ಲಿ ಅದನ್ನು ಇಂದಿಗೂ ಕೇಳಬಹುದು. ಒಂದೇ ಸೀಮೆಯೊಳಗೆ, ಕೆಲವೇ ಹರದಾರಿಗಳ ಅಂತರದಲ್ಲಿ, ಒಂದೇ ಜಿಗ್ ಹೀಗೆ ಬೇರೆ ಬೇರೆ ಮನೋಧರ್ಮಗಳನ್ನು ತಾಳುವುದು ಪರಂಪರೆಯ ಆರೋಗ್ಯದ ಲಕ್ಷಣವೆಂದೇ ನಾನು ತಿಳಿಯುತ್ತೇನೆ.

ಈ ಆರೋಗ್ಯಕ್ಕೆ ಭಂಗ ಬಂದುದು ಹೊರಗಿನಿಂದ. ಸಾರ್ವಜನಿಕ ನೃತ್ಯಕ್ಕೆ ಪರವಾನಗಿ ಬೇಕೆಂದು 1935ರಲ್ಲಿ ಐರ್ಲೆಂಡಿನಲ್ಲಿ ಕಾಯಿದೆಯಾಯಿತು. ಪಾದ್ರಿಗಳೂ ಪೊಲೀಸರೂ ಅದನ್ನು ಮನೆಯ ಕುಣಿತಗಳ ಮೇಲೆಯೂ ಪ್ರಯೋಗಿಸಿದರು. ಕುಣಿತವು ಅಡುಗೆಮನೆಯಿಂದ ಸಭಾಂಗಣಕ್ಕೆ ಹೋಯಿತು; ಅಲ್ಲಿ ಚಿಕ್ಕ ಕನ್ಸರ್ಟಿನಾದ ದನಿ ಸಾಲದೆ ದೊಡ್ಡ ಅಕಾರ್ಡಿಯನ್ ಅದರ ಪೀಠವನ್ನು ಆಕ್ರಮಿಸಿತು; ತರುಣರು ವಲಸೆ ಹೋದರು. ಮದುವೆಯಾಗಿ ಸಂಸಾರದ ಹೊರೆಯಲ್ಲಿ ವಾದ್ಯವನ್ನು ಬದಿಗಿಟ್ಟ ಹೆಂಗಸರೆಷ್ಟೋ ಮಂದಿ. ಕಿಟಿ ಹೇಸ್ ಎಂಬಾಕೆ ದಶಕಗಳ ಮೌನದ ತರುವಾಯ ವಾರ್ಧಕ್ಯದಲ್ಲಿ ಮತ್ತೆ ವಾದ್ಯವನ್ನೆತ್ತಿಕೊಂಡು ಧ್ವನಿಮುದ್ರಿಕೆಗಳನ್ನು ಕೊಟ್ಟಳೆಂಬುದು ಸಂತೋಷದ ಸಂಗತಿಯೇ. ಆದರೆ ಮತ್ತೆ ಎತ್ತಿಕೊಳ್ಳದೆ ಹೋದವರ ಜಿಗ್ಗುಗಳು ಅವರೊಡನೆಯೇ ಹೋದುವು.

ಹೊಸ ಪಂಥದ ಬೀಜವು ಬಂದುದು ವಿಚಿತ್ರವಾದ ಮಾರ್ಗದಲ್ಲಿ. ವೆಸ್ಟ್‌ಮೀತಿನಿಂದ ಅಮೆರಿಕಕ್ಕೆ ಹೋಗಿದ್ದ ವಿಲಿಯಂ ಮುಲ್ಲಾಲಿ 1920ರ ದಶಕದಲ್ಲಿ ಕೊಟ್ಟ ಧ್ವನಿಮುದ್ರಿಕೆಗಳು ಸಾಗರವನ್ನು ದಾಟಿ ಮಧ್ಯ ಕ್ಲೇರಿನ ಪ್ಯಾಡಿ ಮರ್ಫಿ ಎಂಬ ಯುವಕನ ಕಿವಿಗೆ ಬಿದ್ದುವು. ಒಂದೇ ಸಾಲಿಗೆ ಅಂಟಿಕೊಳ್ಳದೆ ಅಡ್ಡಡ್ಡಲಾಗಿ ಸಾಲುಗಳನ್ನು ದಾಟುವ ಬೆರಳುಗಾರಿಕೆಯನ್ನು ಮರ್ಫಿ ಅವುಗಳಿಂದ ಗ್ರಹಿಸಿ ಬೆಳೆಸಿದನು. ಆತನಿಂದ ಕಲಿತ ನೋಯೆಲ್ ಹಿಲ್ (ಜನನ 1958) ಅದನ್ನು ಪರಾಕಾಷ್ಠೆಗೆ ಒಯ್ದರು. ಗಾಂಧಾರ ಪಂಚಮಗಳು ನೆರೆಯ ಸಾಲಿನಲ್ಲಿ ಎಳೆತದಲ್ಲಿಯೂ, ಮಧ್ಯಮ ಧೈವತಗಳು ಒತ್ತಿನಲ್ಲಿಯೂ ದೊರೆಯುವುದರಿಂದ, ತಿದಿಯು ಯಾವಾಗ ತಿರುಗಬೇಕೆಂಬುದನ್ನು ವಾದ್ಯವಲ್ಲ, ವಾದಕನೇ ನಿರ್ಧರಿಸಬಲ್ಲವನಾದನು. ಕೊಳವೆವಾದ್ಯದ ಸುತ್ತುಗಳು, ಪಿಟೀಲಿನ ಅವಿಚ್ಛಿನ್ನವಾದ ಓಟ, ಶೋಕಗೀತೆಗಳ ವಿಲಂಬ ಇವೆಲ್ಲವೂ ಕನ್ಸರ್ಟಿನಾಕ್ಕೆ ವಶವಾದುವು. ಅಳಿವಿನಂಚಿನಲ್ಲಿದ್ದ ವಾದ್ಯವನ್ನು ಇಂದು ಸಾವಿರಾರು ಮಕ್ಕಳು ಕಲಿಯುತ್ತಿರುವುದಕ್ಕೆ ಈ ಪಂಥದ ಕೀರ್ತಿ ಮುಖ್ಯ ಕಾರಣವೆಂಬುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ವಿಮರ್ಶಕನು ಇಲ್ಲಿ ನಿಲ್ಲಲಾರ. ಸ್ವಾತಂತ್ರ್ಯವು ದೊರೆತಾಗ ಅದನ್ನು ಸದಾ ಬಳಸಬೇಕೆಂಬ ಮೋಹವೂ ಹುಟ್ಟುತ್ತದೆ. ಸ್ಪರ್ಧೆಗಳ ವೇದಿಕೆಯಿಂದ ಇಂದು ಕೇಳಿಬರುವ ಎಷ್ಟೋ ಜಿಗ್ಗುಗಳಲ್ಲಿ ವೇಗವುಂಟು, ಆವರ್ತಕ್ಕೊಂದರಂತೆ ಅಲಂಕಾರವುಂಟು, ಬೆರಳಿನ ನೈಪುಣ್ಯವುಂಟು. ಆದರೆ ಮೂರು ಮಾತ್ರೆಗಳ ನಡುವಣ ಆ ಸೂಕ್ಷ್ಮವಾದ ಅಸಮತೆ ನುಣುಪಾಗಿ ಸವೆದು, ಕಾಲು ಎಲ್ಲಿ ನೆಲಕ್ಕೆ ಬೀಳಬೇಕೆಂಬುದೇ ತಿಳಿಯದಂತಾಗುತ್ತದೆ. ಇದು ಹೊಸ ತಂತ್ರದ ಅನಿವಾರ್ಯ ಫಲವಲ್ಲವೆಂಬುದಕ್ಕೆ ಹಿಲ್ ಅವರೇ ಪ್ರಮಾಣ: ಅಕಾರ್ಡಿಯನ್ ವಾದಕ ಟೋನಿ ಮ್ಯಾಕ್‌ಮಹನ್ ಅವರೊಡನೆ ಕಾರ್ಕ್ ಸೀಮೆಯ ನಾಕ್‌ನಗ್ರೀ ಹಳ್ಳಿಯಲ್ಲಿ, ಸೆಟ್ ಕುಣಿಯುವವರ ಸಮ್ಮುಖದಲ್ಲಿಯೇ, ಅವರು ಮಾಡಿದ 1985ರ ಧ್ವನಿಮುದ್ರಿಕೆಯಲ್ಲಿ ಕುಣಿಯುವವರ ಹೆಜ್ಜೆಗಳೂ ರೀಡುಗಳೂ ಒಂದೇ ವಾದ್ಯವೆಂಬಂತೆ ಮೊಳಗುತ್ತವೆ. ಪಾಂಡಿತ್ಯಕ್ಕೂ ಕುಣಿತಕ್ಕೂ ವೈರವಿಲ್ಲ. ಪಾಂಡಿತ್ಯವು ಕುಣಿತವನ್ನು ಮರೆತಾಗ ಮಾತ್ರ ಜಿಗ್ ಬಡವಾಗುತ್ತದೆ.

ವಾದನದಷ್ಟೇ ಮುಖ್ಯವಾದುದು ಹಂಚಿಕೆ. ಈ ಪರಂಪರೆಯಲ್ಲಿ ಹಳೆಯ ಮಟ್ಟಿಗೆ ಒಡೆಯನಿಲ್ಲ. ಕೇಳಿದವನಿಗೆ ಕೊಡುವುದು ಧರ್ಮ, ಪಡೆದವನು ಯಾರಿಂದ ಪಡೆದೆನೆಂದು ಹೇಳುವುದು ಋಣ. ಕಾರ್ಕಿನಲ್ಲಿ ಹುಟ್ಟಿ ಷಿಕಾಗೋ ನಗರದ ಪೊಲೀಸ್ ಮುಖ್ಯಾಧಿಕಾರಿಯಾದ ಫ್ರಾನ್ಸಿಸ್ ಓನೀಲ್ ತನ್ನ ಸುತ್ತಲಿನ ವಲಸಿಗರ ನೆನಪಿನಿಂದ ಸಂಗ್ರಹಿಸಿ 1903ರಲ್ಲಿ 1,850 ಮಟ್ಟುಗಳನ್ನೂ, 1907ರಲ್ಲಿ 1,001 ನೃತ್ಯಮಟ್ಟುಗಳನ್ನೂ ಅಚ್ಚುಹಾಕಿಸಿದನು. ಎರಡನೆಯದು ವಾದಕರ ಆಕರಗ್ರಂಥವೇ ಆಯಿತು. 1963ರಲ್ಲಿ ತಮ್ಮ ಸಂಗ್ರಹದ ಮೊದಲ ಸಂಪುಟವನ್ನು ಹೊರತಂದ ಬ್ರೆಂಡನ್ ಬ್ರೆನಕ್ ಅವರು ಮಟ್ಟುಗಳ ಜೊತೆಗೆ ಅವನ್ನು ಕೊಟ್ಟವರನ್ನೂ ದಾಖಲಿಸಿ ಋಣಸ್ಮರಣೆಗೆ ಮಾದರಿಯಾದರು. ಕೊಳವೆವಾದಕ ವಿಲೀ ಕ್ಲ್ಯಾನ್ಸಿಯ ಸ್ಮರಣಾರ್ಥವಾಗಿ 1973ರಿಂದ ಪ್ರತಿ ಬೇಸಗೆಯಲ್ಲಿ ಮಿಲ್‌ಟೌನ್ ಮಾಲ್ಬೇಯಲ್ಲಿ ನಡೆಯುವ ಶಿಬಿರದಲ್ಲಿ ಕಲಿಕೆಯು ಮುಖ್ಯವಾಗಿ ಇಂದಿಗೂ ಕಿವಿಯಿಂದಲೇ: ಗುರು ಮಟ್ಟಿನ ಒಂದು ತುಣುಕನ್ನು ನುಡಿಸುವುದು, ಶಿಷ್ಯರು ಅದನ್ನು ಹಿಂತಿರುಗಿಸುವುದು.

ಋಣವನ್ನು ಮರೆತರೆ ಏನಾಗುವುದೆಂಬುದಕ್ಕೆ ‘ಮಾರಿಸನ್ನನ ಜಿಗ್’ ಸಾಕು. ಸ್ಲೈಗೋದ ಪಿಟೀಲುವಾದಕ ಜೇಮ್ಸ್ ಮಾರಿಸನ್ ಇದನ್ನು 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದನು. ಆತನಿಗೆ ಕೊಟ್ಟವನು ಕೆರ್ರಿಯ ಟಾಮ್ ಕಾರ್ಮೊಡಿ. ಕಾರ್ಮೊಡಿಗೆ ಬಂದುದು ತಂದೆಯಿಂದ. ಇಂದು ಲೋಕವೆಲ್ಲ ಆ ಜಿಗ್ಗನ್ನು ಪಡೆದವನ ಹೆಸರಿನಿಂದ ಕರೆಯುತ್ತದೆ. ಕೊಟ್ಟ ಮನೆತನದ ನೆನಪು ಬಲ್ಲವರಲ್ಲಿ ಮಾತ್ರ ಉಳಿದಿದೆ. ಕೊಡುವಿಕೆ ಸುಲಭವಾದಷ್ಟೂ ಮೂಲದ ಅಳಿಸುವಿಕೆಯೂ ಸುಲಭವಾಗುತ್ತದೆ. ಕ್ಷಣಮಾತ್ರದಲ್ಲಿ ಮಟ್ಟೊಂದು ಭೂಗೋಳವನ್ನು ಸುತ್ತಬಲ್ಲ ಈ ಕಾಲದಲ್ಲಿ ಆ ಅಪಾಯ ಹೆಚ್ಚಿದೆ. ಬರಿಯ ಸ್ವರಲಿಪಿಯಿಂದ ಜಿಗ್ಗನ್ನು ಪಡೆದವನಿಗೆ ಸ್ವರಗಳು ಸಿಕ್ಕಾವು. ಆ ಊರಿನ ನಡೆ ಸಿಕ್ಕದು.

ಆದುದರಿಂದ ನನ್ನ ನಿರ್ಣಯವಿಷ್ಟು. ಕ್ಲೇರಿನ ಹಳೆಯ ಪಂಥವು ತಂತ್ರದಲ್ಲಿ ಅಲ್ಪವೆಂದು ಅದನ್ನು ಹೊಸದರ ಪೂರ್ವಸಿದ್ಧತೆಯಾಗಿ ಮಾತ್ರ ಎಣಿಸುವುದು ತಪ್ಪು. ವಾದ್ಯದ ಪರಿಮಿತಿಯನ್ನೇ ಲಯದ ಆಧಾರವಾಗಿಸಿಕೊಂಡ ಅದು ತನ್ನಷ್ಟಕ್ಕೆ ಪೂರ್ಣವಾದ ಕಲೆ. ಹೊಸ ಪಂಥವು ವಾದ್ಯದ ಸಾಧ್ಯತೆಯನ್ನು ವಿಸ್ತರಿಸಿದ ಮಹತ್ತರವಾದ ಸಾಧನೆ. ಕುಣಿಯುವವನ ಕಾಲಿಗೆ ಅದು ಉತ್ತರ ಕೊಡುವವರೆಗೂ ಅದರ ಅಧಿಕಾರ ಪ್ರಶ್ನಾತೀತ. ಈ ಸಂಗೀತವನ್ನು ಅರಸಿ ಹೋಗುವ ಕನ್ನಡದ ರಸಿಕರು ಮೊದಲು ಕ್ರಾಟಿಯ ಮತ್ತು ಡ್ರೋನಿಯವರ ಹಳೆಯ ಮುದ್ರಿಕೆಗಳನ್ನು ಕಿವಿತುಂಬ ಕೇಳಿ, ಆಮೇಲೆ ಹಿಲ್ ಅವರ ಬಳಿಗೆ ಬರಲಿ. ಒಂದು ಜಿಗ್ಗನ್ನು ಯಾರಿಂದಾದರೂ ಕಲಿತರೆ, ಅದನ್ನು ಇನ್ನೊಬ್ಬರಿಗೆ ಕೊಡುವಾಗ ಕೊಟ್ಟವರ ಹೆಸರನ್ನೂ ಊರನ್ನೂ ತಪ್ಪದೆ ಹೇಳಲಿ.