‘ನಾಯಕಿ’ ಶಬ್ದದ ಅರ್ಥಸಂಕೋಚ

‘ನಾಯಕ’ ಶಬ್ದವು ‘ನೀ’ ಧಾತುವಿನಿಂದ ಹುಟ್ಟಿದುದು. ಮುಂದೆ ನಡೆದು ಇತರರನ್ನು ನಡೆಯಿಸುವವನೆಂಬುದೇ ಅದರ ಮೂಲಾರ್ಥ. ಕನ್ನಡನಾಡಿನಲ್ಲಿ ಇದು ದಂಡಿನ ಮುಖಂಡನಿಗೂ ಪಾಳೆಯಗಾರನಿಗೂ ಬಿರುದಾಗಿ ಸಂದು, ಕಡೆಗೆ ಊರುಗಳ ಹೆಸರಿನಲ್ಲಿಯೂ ನೆಲೆನಿಂತಿತು. ಚಿಕ್ಕಬಳ್ಳಾಪುರದಿಂದ ಪೆರೇಸಂದ್ರದ ಮೇಲೆ ಬಾಗೇಪಲ್ಲಿಗೆ ಹೋಗುವ ಸೀಮೆಯ ಗುಮ್ಮನಾಯಕನಪಾಳ್ಯವು ಇದಕ್ಕೆ ಸಾಕ್ಷಿ. ಇದೇ ಶಬ್ದದ ಸ್ತ್ರೀಲಿಂಗರೂಪವಾದ ‘ನಾಯಿಕೆ’ ಅಥವಾ ‘ನಾಯಕಿ’ಗೆ ಒದಗಿದ ಗತಿ ಬೇರೆಯದು.

ಆಲಂಕಾರಿಕರು ನಾಯಕನನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಪ್ರಶಾಂತ ಎಂದು ಸ್ವಭಾವವನ್ನು ಹಿಡಿದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಶೃಂಗಾರದ ದೃಷ್ಟಿಯಿಂದ ಅವನಿಗೆ ಅನುಕೂಲ, ದಕ್ಷಿಣ, ಶಠ, ಧೃಷ್ಟ ಎಂಬ ಭೇದಗಳೂ ಉಂಟೆಂಬುದು ನಿಜ. ಆದರೆ ಅವು ಅವನ ಒಂದು ಮುಖ ಮಾತ್ರ. ನಾಯಿಕೆಗಾದರೋ ಆ ಒಂದು ಮುಖವೇ ಸರ್ವಸ್ವ. ವಾಸಕಸಜ್ಜಿಕೆ, ವಿರಹೋತ್ಕಂಠಿತೆ, ಸ್ವಾಧೀನಭರ್ತೃಕೆ, ಕಲಹಾಂತರಿತೆ, ಖಂಡಿತೆ, ವಿಪ್ರಲಬ್ಧೆ, ಪ್ರೋಷಿತಭರ್ತೃಕೆ, ಅಭಿಸಾರಿಕೆ ಎಂಬ ಎಂಟು ಅವಸ್ಥೆಗಳಲ್ಲಿ ಪ್ರಿಯನ ಸಾಮೀಪ್ಯವನ್ನೋ ದೂರವನ್ನೋ ಆಧರಿಸದ ಅವಸ್ಥೆ ಒಂದೂ ಇಲ್ಲ. ಮುಂದೆ ನಡೆಯಿಸುವವಳೆಂಬ ಧಾತ್ವರ್ಥವು ಲುಪ್ತವಾಗಿ, ಎದುರುನೋಡುವವಳೆಂಬ ಅರ್ಥವೇ ಉಳಿಯಿತು. ಸ್ತ್ರೀಯರು ನಾಯಕತ್ವಕ್ಕೆ ಮುಂದೆ ಬರಬೇಕೆಂದು ಸಭೆಗಳಲ್ಲಿ ಪ್ರೋತ್ಸಾಹಿಸುವವರು ಯಾವ ಶಬ್ದಸಂಸ್ಕಾರದ ನಡುವೆ ನಿಂತು ಮಾತನಾಡುತ್ತಿದ್ದಾರೆಂಬುದನ್ನು ಸಾಹಿತ್ಯದ ಉಪಾಧ್ಯಾಯರಾದರೂ ಗಮನಿಸಬೇಕಾಗಿದೆ.

ಕಾವ್ಯವು ಹೀಗಿದ್ದರೆ ಶಾಸನಗಳ ಸ್ಥಿತಿ ಹೇಗಿದೆ? ಪೆರೇಸಂದ್ರದ ಸೀಮೆಯದೇ ಆದ ನಂದಿಯ ಶಿವಾಲಯದ ನಿರ್ಮಾಣದೊಡನೆ ಬಾಣರಾಣಿ ರತ್ನಾವಳಿಯ ಹೆಸರು ಒಂಬತ್ತನೆಯ ಶತಮಾನದ ಆದಿಯಲ್ಲಿಯೇ ಶಾಸನಸ್ಥವಾಗಿದೆ. ಆದರೆ ದೇವಾಲಯ ಕಟ್ಟಿಸುವುದು ದಾನಧರ್ಮದ ಮಾತು. ರಾಣಿಯರಿಗೆ ಅದು ಸಲ್ಲುವುದೆಂದು ಯಾರೂ ಒಪ್ಪುವರು. ಅಧಿಕಾರದ ಮಾತಿಗೆ ಬಂದಾಗಲೇ ಶಾಸನಕವಿಯ ಮನಸ್ಸು ಹೊರಪಡುವುದು.

ಇದಕ್ಕೆ ಉತ್ತಮ ನಿದರ್ಶನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಜಕ್ಕಿಯಬ್ಬೆಯ ಶಾಸನ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿಯಲು, ಆ ಪದವಿಯು ಅವನ ಹೆಂಡತಿಯಾದ ಜಕ್ಕಿಯಬ್ಬೆಗೆ ದೊರೆಯಿತು. ಎಪ್ಪತ್ತು ಗ್ರಾಮಗಳ ಆಡಳಿತವೆಂದರೆ ಅಲ್ಪಕಾರ್ಯವಲ್ಲ. ಶಾಸನವು ಆಕೆಯಲ್ಲಿ ಒಳ್ಳೆಯ ಪ್ರಭುತ್ವಕ್ಕೆ ಬೇಕಾದ ಶಕ್ತಿಯಿತ್ತೆಂದು ಮೊದಲು ಹೇಳಿ, ಅನಂತರ ಜಿನಭಕ್ತಿಯನ್ನು ಹೇಳುತ್ತದೆ; ಈ ಕ್ರಮವೇ ಗಮನಾರ್ಹ. ದೇಹವು ವ್ಯಾಧಿಗೆ ಸಿಕ್ಕಿದಾಗ ಆಕೆ ಮಗಳನ್ನು ಕರೆಯಿಸಿ ತನ್ನದನ್ನೆಲ್ಲ ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ವ್ರತದಿಂದ ದೇಹತ್ಯಾಗ ಮಾಡಿದಳು. ಹೀಗೆ ಸ್ಪಷ್ಟವಾಗಿಯೂ ಗೌರವದಿಂದಲೂ ಬರೆದ ಶಾಸನಕವಿಗೆ ಒಂದು ಮಾತನ್ನು ಮಾತ್ರ ಸೇರಿಸದೆ ಇರಲಾಗಲಿಲ್ಲ: ಆಕೆ ಹೆಣ್ಣಾಗಿದ್ದರೂ ತನ್ನ ವೀರದಿಂದ ನಾಡನ್ನು ಕಾಪಾಡಿದಳು ಎಂಬುದು ಆ ಮಾತಿನ ತಾತ್ಪರ್ಯ.

ಈ ‘ಆದರೂ’ ಎಂಬ ಸಮುಚ್ಚಯವು ಮೇಲ್ನೋಟಕ್ಕೆ ಸ್ತುತಿ. ವಿಚಾರಿಸಿದರೆ ಇದು ಒಬ್ಬಳನ್ನು ಎತ್ತಿ ಉಳಿದವರೆಲ್ಲರನ್ನೂ ಕೆಳಗೆ ನಿಲ್ಲಿಸುವ ವಾಕ್ಯರಚನೆಯೆಂದು ತಿಳಿಯುವುದು. ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ಮೊದಲಾದ ನಾಡುಗಳನ್ನು ಆಳಿ, ೧೦೪೭ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದವಳು. ಆಕೆಯನ್ನು ಹೊಗಳುವಾಗ ಶಾಸನಕ್ಕೆ ರಣಭೈರವಿಯೇ ಬೇಕಾದಳು. ಹೆಣ್ಣಾದರೂ ಸಮರ್ಥೆ ಎಂಬುದು ಒಂದು ದಾರಿ, ಹೆಣ್ಣಲ್ಲ ದೇವತೆ ಎಂಬುದು ಇನ್ನೊಂದು. ಇವೆರಡರ ನಡುವೆ ಲೆಕ್ಕ ನೋಡುವ, ಕೆರೆ ಕಾಯುವ, ವ್ಯಾಜ್ಯ ತೀರಿಸುವ ಸಾಮಾನ್ಯ ಸ್ತ್ರೀಗೆ ಸ್ಥಳವೆಲ್ಲಿ?

ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ದ ವಿಷಯ ಇನ್ನೂ ಸೂಕ್ಷ್ಮ. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದವಳು ಗುರುಪೀಠದಲ್ಲಿ ಕುಳಿತು ಒಂಬತ್ತು ಸಂಧಿಗಳ ಸಾಂಗತ್ಯದಲ್ಲಿ ಉಪದೇಶಿಸಿದಳು. ಉಪದೇಶದ ವಸ್ತುವಾದರೋ ಪತಿಯ ಆಜ್ಞಾಧಾರಕತೆ. ಪುರಾತನಾಚಾರದ ಗಿಳಿಪಾಠವೆಂದು ಇದನ್ನು ತಳ್ಳಿಹಾಕುವವರೂ, ಹೆಣ್ಣುಮಗುವನ್ನು ಹಳಿಯುವವರನ್ನು ಆಕೆ ಗದರಿಸುವ ಭಾಗವನ್ನಷ್ಟೇ ಎತ್ತಿಕೊಂಡು ಕ್ರಾಂತಿಕಾರಿಣಿಯೆಂದು ಮೆರೆಯಿಸುವವರೂ ಅರ್ಧ ಪುಸ್ತಕವನ್ನೇ ಓದಿದವರು. ವಿಧೇಯತೆಯನ್ನು ಬೋಧಿಸುವವಳ ದನಿಯಲ್ಲಿ ವಿಧೇಯತೆಯಿಲ್ಲ. ಈ ವಿರೋಧವೇ ಆ ಕಾವ್ಯದ ಜೀವ.

ಇದೇ ವಿರೋಧವು ಇಪ್ಪತ್ತನೆಯ ಶತಮಾನಕ್ಕೂ ದಾಟಿಬಂದಿತು. ನಂಜನಗೂಡು ತಿರುಮಲಾಂಬರು (೧೮೮೭–೧೯೮೨) ತಮ್ಮ ಗ್ರಂಥಮಾಲೆಗೆ ‘ಸತೀಹಿತೈಷಿಣಿ’ ಎಂಬ ವಿನಯದ ಹೆಸರನ್ನಿಟ್ಟರು. ಆದರೆ ಬರೆಯುವುದು, ಅಚ್ಚುಹಾಕಿಸುವುದು, ಪ್ರಕಟಿಸುವುದು, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ನಡೆಸುವುದು, ಇವೆಲ್ಲ ಶಬ್ದದ ಮೂಲಾರ್ಥದಲ್ಲಿಯೇ ನಾಯಕೀಕಾರ್ಯಗಳು. ಆರ್. ಕಲ್ಯಾಣಮ್ಮನವರು ೧೯೨೧ರಲ್ಲಿ ‘ಸರಸ್ವತಿ’ಯನ್ನು ಆರಂಭಿಸಿ ನಾಲ್ಕು ದಶಕಗಳ ಕಾಲ ನಡೆಸಿದರು, ಅಷ್ಟು ದೀರ್ಘಕಾಲ ಪತ್ರಿಕೆ ನಡೆಸಿದ ಗಂಡಸರೂ ವಿರಳ. ಆದರೂ ಸಾಹಿತ್ಯಚರಿತ್ರೆಗಳು ಇವರನ್ನು ‘ಮಹಿಳಾ ಲೇಖಕಿಯರು’ ಎಂಬ ಪ್ರಕರಣದಲ್ಲಿ ಕೂರಿಸುವುವೇ ಹೊರತು, ‘ಸಂಪಾದಕರು’ ಎಂಬ ಪ್ರಕರಣದಲ್ಲಿ ಅಪರೂಪವಾಗಿ ನೆನೆಯುವುವು.

ವಿದ್ವತ್ಸಂಸ್ಥೆಗಳು ಈ ವಿಷಯದಲ್ಲಿ ಇತರರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. ಕನ್ನಡ ಸಾಹಿತ್ಯ ಸಮ್ಮೇಳನವು ೧೯೧೫ರಲ್ಲಿ ಮೊದಲಾಗಿ, ಅದರ ಅಧ್ಯಕ್ಷಪೀಠಕ್ಕೆ ಒಬ್ಬ ಮಹಿಳೆ ಬಂದುದು ೧೯೭೪ರಲ್ಲಿ, ಮಂಡ್ಯದಲ್ಲಿ: ಜಯದೇವಿತಾಯಿ ಲಿಗಾಡೆ. ಮತ್ತೊಬ್ಬರಿಗಾಗಿ ೨೦೦೦ದ ಬಾಗಲಕೋಟೆಯ ಸಮ್ಮೇಳನದವರೆಗೆ ಕಾಯಬೇಕಾಯಿತು. ಅಲ್ಲಿ ಶಾಂತಾದೇವಿ ಮಾಳವಾಡರು, ೨೦೦೩ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, ೨೦೧೦ರಲ್ಲಿ ಗದುಗಿನಲ್ಲಿ ಗೀತಾ ನಾಗಭೂಷಣ. ಪರಿಷತ್ತಿನ ಅಧ್ಯಕ್ಷಸ್ಥಾನಕ್ಕಂತೂ ಅದರ ಮೊದಲ ನೂರು ವರ್ಷಗಳಲ್ಲಿ ಒಬ್ಬ ಮಹಿಳೆಯೂ ಬರಲಿಲ್ಲ.

ಗ್ರಾಮಗಳೇ ಇದಕ್ಕಿಂತ ಮುಂದೆ ಹೋದುವು. ೧೯೮೩ರ ಕಾಯಿದೆಯ ಮೇರೆಗೆ ೧೯೮೭ರಲ್ಲಿ ನಡೆದ ಚುನಾವಣೆಗಳಲ್ಲಿ ನೂರಕ್ಕೆ ೨೫ ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುವು. ೧೯೯೩ರ ಕಾಯಿದೆಯಲ್ಲಿ ಅದು ಮೂರನೆಯ ಒಂದಂಶವಾಗಿ, ೨೦೧೦ರ ತಿದ್ದುಪಡಿಯಿಂದ ಅರ್ಧವಾಯಿತು. ಪೆರೇಸಂದ್ರದಂಥ ಊರಿನ ಶಾಲೆಯಲ್ಲಿ ಓದುವ ಹುಡುಗಿಗೆ ಪಂಚಾಯಿತಿಯ ಅಧ್ಯಕ್ಷತೆಯು ಪುರಾಣದ ಮಾತಲ್ಲ, ಕಣ್ಣೆದುರಿನ ಸಂಗತಿ. ಕಾಯಿದೆಯ ಭಾಷೆಯಲ್ಲಿ ‘ಹೆಣ್ಣಾದರೂ’ ಎಂಬ ಮಾತಿಲ್ಲ. ಅದು ಇನ್ನೂ ಉಳಿದಿರುವುದು ಸನ್ಮಾನಪತ್ರಗಳಲ್ಲಿ, ಅಭಿನಂದನಭಾಷಣಗಳಲ್ಲಿ, ಹಾಗೂ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿಕೊಳ್ಳುವ ಗಂಡಂದಿರ ನಡವಳಿಕೆಯಲ್ಲಿ.

ಇಲ್ಲಿ ಕನ್ನಡ ವ್ಯಾಕರಣವು ಕಾವ್ಯಮೀಮಾಂಸೆಗಿಂತ ಉದಾರವಾಗಿದೆಯೆಂದು ತೋರುತ್ತದೆ. ಅವನು, ಅವಳು ಎಂಬ ಭೇದವು ಏಕವಚನಕ್ಕೆ ಮಾತ್ರ. ಬಹುವಚನದಲ್ಲಿಯೂ ಗೌರವದಲ್ಲಿಯೂ ಇಬ್ಬರೂ ‘ಅವರು’. ‘ಅಧ್ಯಕ್ಷರು ಬಂದರು’ ಎಂಬ ವಾಕ್ಯವನ್ನು ಕೇಳಿದವನು ಬಾಗಿಲ ಕಡೆ ತಿರುಗಿ ನೋಡುವವರೆಗೆ, ಬಂದವರು ಹೆಣ್ಣೋ ಗಂಡೋ ಎಂಬುದು ಆ ವಾಕ್ಯದಿಂದ ತಿಳಿಯುವುದಿಲ್ಲ.