ರೋಗಿಯನ್ನು ಕಾಣದ ಪರೀಕ್ಷೆ

ಹಿಜರಿ 319, ಅಂದರೆ ಕ್ರಿ.ಶ. 931ರಲ್ಲಿ ಬಾಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ಸತ್ತ. ಸುದ್ದಿ ತಿಳಿದ ಅಬ್ಬಾಸಿ ಖಲೀಫ ಅಲ್ ಮುಕ್ತದಿರ್, ಪರೀಕ್ಷೆಗೊಳಗಾಗದೆ ಇನ್ನು ಯಾರೂ ವೈದ್ಯವೃತ್ತಿ ನಡೆಸಕೂಡದೆಂದು ಆಜ್ಞೆ ಹೊರಡಿಸಿದ. ಪರೀಕ್ಷಿಸುವ ಹೊಣೆ ಸಿನಾನ್ ಇಬ್ನ್ ಸಾಬಿತ್ ಎಂಬ ಹಿರಿಯ ವೈದ್ಯನದಾಯಿತು. 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರೆಂದೂ, ಯಾರು ಯಾವ ಚಿಕಿತ್ಸೆ ಮಾಡಬಹುದೆಂಬುದನ್ನು ಆತ ಗೊತ್ತುಪಡಿಸಿದನೆಂದೂ ಅರಬ್ ಚರಿತ್ರೆಕಾರರು ಬರೆದಿದ್ದಾರೆ. ಈ ಕಥೆಯನ್ನು ನಾವು ಸಾಮಾನ್ಯವಾಗಿ ಗತವೈಭವದ ಹೆಮ್ಮೆಗಾಗಿ ಹೇಳಿಕೊಳ್ಳುತ್ತೇವೆ. ಆದರೆ ಅದರೊಳಗಿನ ಪಾಠ ಬೇರೆ. ಆ ಪರೀಕ್ಷೆ ಹುಟ್ಟಿದ್ದು ರ‍್ಯಾಂಕ್ ಹಂಚುವುದಕ್ಕಲ್ಲ, ರೋಗಿಯನ್ನು ಕಾಪಾಡುವುದಕ್ಕೆ.

ನಮ್ಮ ವೈದ್ಯಕೀಯ ಕಾಲೇಜುಗಳ ಪರೀಕ್ಷೆಗಳು ಯಾರಿಗಾಗಿ ನಡೆಯುತ್ತಿವೆ?

ಎಂಬಿಬಿಎಸ್ ಅಂತಿಮ ಪರೀಕ್ಷೆಯ ‘ಲಾಂಗ್ ಕೇಸ್’ ಅನ್ನೇ ನೋಡಿ. ವಿದ್ಯಾರ್ಥಿಗೆ ಒಬ್ಬ ರೋಗಿಯನ್ನು ಕೊಡುತ್ತಾರೆ. ಆತ ರೋಗಿಯ ಕಥೆ ಕೇಳಿ, ದೇಹ ಪರೀಕ್ಷಿಸಿ, ಬರೆದುಕೊಳ್ಳುತ್ತಾನೆ. ಆಮೇಲೆ ಪರೀಕ್ಷಕರು ಬಂದು ಪ್ರಶ್ನೆ ಕೇಳುತ್ತಾರೆ. ಅವರು ಕೇಳಿಸಿಕೊಳ್ಳುವುದು ವಿದ್ಯಾರ್ಥಿಯ ವರದಿಯನ್ನು; ಆತ ರೋಗಿಯೊಂದಿಗೆ ಹೇಗೆ ಮಾತನಾಡಿದ, ನೋಯುವ ಜಾಗವನ್ನು ಹೇಗೆ ಮುಟ್ಟಿದ ಎಂಬುದನ್ನು ಬಹುತೇಕ ಯಾರೂ ನೋಡಿರುವುದಿಲ್ಲ. ನಾಲ್ಕಾರು ವಿದ್ಯಾರ್ಥಿಗಳಿಗೆ ಮೈಯೊಡ್ಡಿ ದಣಿದ ರೋಗಿಗೆ ತನ್ನ ಕಾಯಿಲೆಯ ಇಂಗ್ಲಿಷ್ ಹೆಸರು ಬಾಯಿಪಾಠವಾಗಿರುತ್ತದೆ. ಜಾಣ ವಿದ್ಯಾರ್ಥಿ ಕೇಳುವುದು ಆ ಹೆಸರನ್ನು, ನೋವಿನ ಕಥೆಯನ್ನಲ್ಲ.

ಈ ಕೊರತೆ ಗೊತ್ತಿಲ್ಲದ್ದೇನಲ್ಲ. 1975ರಲ್ಲೇ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತವರ ಸಂಗಡಿಗರು ‘ಆಸ್ಕಿ’ ಎಂಬ ವಿಧಾನವನ್ನು ಮುಂದಿಟ್ಟರು. ಎಲ್ಲ ವಿದ್ಯಾರ್ಥಿಗಳೂ ಒಂದೊಂದೇ ಕಟ್ಟೆ ದಾಟುತ್ತಾ ಒಂದೇ ಬಗೆಯ ಕೆಲಸಗಳನ್ನು ಮಾಡಿ ತೋರಿಸಬೇಕು. ಪರೀಕ್ಷಕ ಎದುರಲ್ಲೇ ನಿಂತು ಪಟ್ಟಿ ಹಿಡಿದು ಅಂಕ ಕೊಡಬೇಕು. ಪಕ್ಷಪಾತ ತಗ್ಗಿಸಲು ಇದು ಒಳ್ಳೆಯ ದಾರಿ. ಆದರೆ ಇದಕ್ಕೂ ಮಿತಿಯಿದೆ. ‘ಹೊಟ್ಟೆ ಮುಟ್ಟಿ ನೋಡಲೇ?’ ಎಂದು ಗಿಳಿಪಾಠ ಒಪ್ಪಿಸಿ, ಉತ್ತರಕ್ಕೆ ಕಾಯದೆ ಕೈಯಿಟ್ಟವನಿಗೂ ಪಟ್ಟಿಯಲ್ಲಿ ಅಂಕ ಬೀಳಬಹುದು. ವೈದ್ಯನ ಕಲಿಕೆಗೆ ನಾಲ್ಕು ಮೆಟ್ಟಿಲುಗಳಿವೆಯೆಂದು 1990ರಲ್ಲಿ ಜಾರ್ಜ್ ಮಿಲ್ಲರ್ ಹೇಳಿದರು: ತಿಳಿದಿರುವುದು, ಬಳಸುವ ಬಗೆ ತಿಳಿದಿರುವುದು, ಮಾಡಿ ತೋರಿಸುವುದು, ಯಾರೂ ಪರೀಕ್ಷಿಸದಿರುವಾಗ ದಿನನಿತ್ಯ ಮಾಡುವುದು. ರೋಗಿಗೆ ಬೇಕಾದ್ದು ನಾಲ್ಕನೆಯದು. ನಾವು ಹೆಚ್ಚಾಗಿ ಅಳೆಯುತ್ತಿರುವುದು ಮೊದಲನೆಯದನ್ನು.

ಸ್ನಾತಕೋತ್ತರ ಸೀಟಿಗಾಗಿ ನಡೆಯುವ ನೀಟ್-ಪಿಜಿ 200 ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ. ವಾರ್ಡಿನಲ್ಲಿ ಕೈ ಪಳಗಬೇಕಾದ ಹೌಸ್‌ಸರ್ಜನ್ ವರ್ಷವನ್ನು ಅದು ಕೋಚಿಂಗ್ ವರ್ಷವಾಗಿ ಮಾರ್ಪಡಿಸಿದೆ. 2023ರ ಸೆಪ್ಟೆಂಬರಿನಲ್ಲಿ ಅದೇ ಪರೀಕ್ಷೆಯ ಅರ್ಹತಾ ಮಿತಿಯನ್ನು ಶೂನ್ಯ ಪರ್ಸೆಂಟೈಲಿಗೆ ಇಳಿಸಲಾಯಿತು. ಮೀಸಲಾತಿಯ ಮಾತು ಬಂದಾಗ ‘ಪ್ರತಿಭೆ’ಯ ಹೆಸರಿನಲ್ಲಿ ಗುಡುಗುವವರು ಆಗ ಯಾಕೆ ಅಷ್ಟು ಗುಡುಗಲಿಲ್ಲ? ಬ್ಯಾರಿ ಮಾತ್ರ ಬಲ್ಲ ಅಜ್ಜಿಯ ಪಕ್ಕ ಕುಳಿತು, ಆಕೆಯ ನಾಚಿಕೆ ಅರಿತು, ಆಕೆಯದೇ ಮಾತಿನಲ್ಲಿ ಕಾಯಿಲೆ ಕೇಳಿ ತಿಳಿಯಬಲ್ಲ ವಿದ್ಯಾರ್ಥಿನಿಯ ಪ್ರತಿಭೆಗೆ ಈ ದೇಶದ ಯಾವ ರ‍್ಯಾಂಕ್ ಪಟ್ಟಿಯಲ್ಲಿ ಜಾಗವಿದೆ?

2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ನಡವಳಿಕೆ, ನೀತಿ, ಸಂವಹನಗಳನ್ನು ಪಾಠದೊಳಕ್ಕೆ ತಂದಿತು. ಸ್ಥಳೀಯ ಭಾಷೆಯ ಕಲಿಕೆಗೂ ಜಾಗ ಕೊಟ್ಟಿತು. ಮಾಡಿದ ಕೆಲಸ ದಾಖಲಿಸಲು ಲಾಗ್‌ಬುಕ್ ಬಂತು. ಇದು ಸ್ವಾಗತಾರ್ಹ. ಆದರೆ ತಿಂಗಳ ಕೊನೆಗೆ ಒಟ್ಟಿಗೆ ಬೀಳುವ ಸಹಿಗಳಿಂದ ವೈದ್ಯ ತಯಾರಾಗುವುದಿಲ್ಲ.

ಬೇಕಾದ್ದು ಇಷ್ಟು: ವರ್ಷವಿಡೀ ವಾರ್ಡಿನಲ್ಲಿ, ಹೊರರೋಗಿ ವಿಭಾಗದಲ್ಲಿ, ಶಿಕ್ಷಕರೊಬ್ಬರು ಹದಿನೈದು ನಿಮಿಷ ಸುಮ್ಮನೆ ನಿಂತು ವಿದ್ಯಾರ್ಥಿ ರೋಗಿಯನ್ನು ನೋಡುವುದನ್ನು ನೋಡಬೇಕು. ಸರಿ-ತಪ್ಪನ್ನು ಅಲ್ಲೇ ಹೇಳಬೇಕು. ಬಳಿಕ ರೋಗಿಯನ್ನೂ ಒಂದು ಮಾತು ಕೇಳಬೇಕು: ‘ಇವರು ಹೇಳಿದ್ದು ನಿಮಗೆ ಅರ್ಥವಾಯಿತೇ?’

ಒಬ್ಬ ಶಿಕ್ಷಕರ ಕೈಗೆ ಅಂಕ ಕೊಟ್ಟರೆ ಹೆಸರು, ಜಾತಿ, ಧರ್ಮ ನೋಡುವುದಿಲ್ಲವೇ ಎಂಬ ಭಯ ಸುಳ್ಳಲ್ಲ. ಅದಕ್ಕಾಗಿಯೇ ನೋಡುವ ಕಣ್ಣುಗಳು ಹಲವಾಗಬೇಕು, ಬರೆದ ಕಾರಣ ವಿದ್ಯಾರ್ಥಿಯ ಕೈಗೆ ಸಿಗಬೇಕು. ಶಿಕ್ಷಕರ ಕೊರತೆಯೆನ್ನುವವರು, ಶಿಕ್ಷಕರಿಲ್ಲದ ಕಾಲೇಜಿಗೆ ಸೀಟು ಕೊಟ್ಟದ್ದೇಕೆ ಎಂಬುದಕ್ಕೂ ಉತ್ತರಿಸಬೇಕು.

ವಿದ್ಯಾರ್ಥಿ ಓದುವುದು ಪರೀಕ್ಷೆಗೆ ಬರುವುದನ್ನು. ಪರೀಕ್ಷೆ ರೋಗಿಯನ್ನು ಕಾಣದಿದ್ದರೆ ನಾಳಿನ ವೈದ್ಯನೂ ಕಾಣಲಾರ. ಬಾಗ್ದಾದಿನ ಆ ರೋಗಿಯ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಆದರೂ ಅಂದಿನ ಪರೀಕ್ಷೆ ನಡೆದದ್ದು ಅವನಿಗಾಗಿ.